ಕ್ಯಾಮೆರಾಕ್ಕೆ ಎದುರಾದ ಕುಂಬಳಕಾಯಿ

ಜೂನ್ 4, 2025

ಇಂದು ನಮ್ಮ ಮನೆಗೆ ಕ್ಯಾಮೆರಾ ಬಂತು. ಮಗಳು ಕೀರ್ತನಾ ಹಡೆದು ಕೂಸಿನೊಂದಿಗೆ ಬಂದ ದಿನ ಆದಷ್ಟೇ ಸಡಗರವಾಯಿತೆಂದು ಬರೆದರೆ ಹೆಂಡತಿ ಪುಷ್ಪಲತಾ ಈ ಡೈರಿಯನ್ನು ಒಲೆಗೆ ಹಾಕುತ್ತಾಳೆ. ಆದ್ದರಿಂದ ಒಂದು ಗುಲಗಂಜಿ ಕಡಿಮೆ ಆಯಿತೆಂದು ದಾಖಲಿಸುತ್ತೇನೆ.

ಕಾರಣ ಸಣ್ಣದಲ್ಲ. ಕಳೆದ ವಾರ ಬಾಗಿಲ ಮುಂದೆ ಬಿಟ್ಟಿದ್ದ ನನ್ನ ಹೊಸ ಚಪ್ಪಲಿಯಲ್ಲಿ ಎಡಗಾಲಿನದು ಕಳುವಾಯಿತು. ಎರಡನ್ನೂ ಒಯ್ದಿದ್ದರೆ ಪಾಪ, ಬಡವನಿರಬೇಕೆಂದು ಸುಮ್ಮನಾಗುತ್ತಿದ್ದೆ. ಎಡಗಾಲಿನದೊಂದನ್ನೇ ಒಯ್ದವನು ಸಾಮಾನ್ಯನಲ್ಲ. ಅವನ ಮನಸ್ಸಿನಲ್ಲಿ ಏನೋ ಇದೆ.

“ನಾಯಿ ಒಯ್ದಿರ್ತೈತೆ ರೀ,” ಅಂದಳು ಪುಷ್ಪಲತಾ. ದೊಡ್ಡ ಅಪರಾಧಗಳನ್ನೆಲ್ಲ ನಾಯಿಯ ತಲೆಗೆ ಕಟ್ಟಿ ಮುಗಿಸಿಬಿಡುವುದು ಈ ಹೆಂಗಸರ ಅಭ್ಯಾಸ.

ಕ್ಯಾಮೆರಾ ಕೂಡಿಸಲು ಬಂದ ಮಕ್ತುಮ್ ಸಾಬ್ ಏಣಿಯ ಮೇಲಿಂದ ಕೇಳಿದ: “ಸಾಹೇಬ್ರೆ, ನಿಮ್ಮ ಗೇಟಿಗೆ ಮಾತ್ರ ಇಡ್ಲೋ, ಇಡೀ ಓಣಿಗೇ ಇಡ್ಲೋ?”

“ಇಡೀ ಓಣಿಗೆ!”

“ಎದುರು ಮನಿ ಉಡಚಮ್ಮಾರ ಬಾಗ್ಲೂ ಬರ್ತೈತ್ರಿ. ಅವರ ಕಟ್ಟೆ ಪೂರಾ ಬರ್ತೈತೆ.”

“ಬರಲಿ ಬಿಡಪ್ಪ. ಅವರಿಗೂ ಕಾವಲು ಆತು. ಪುಕ್ಕಟೆ.”

ಮಕ್ತುಮ್ ಸಾಬ್ ಎದುರು ಮನೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸ್ಕ್ರೂ ಬಿಗಿದ. ಎಲ್ಲವನ್ನೂ ಕಾಣುವ ಕ್ಯಾಮೆರಾ. ಒಳ್ಳೆಯ ಕ್ಯಾಮೆರಾ.

ಜೂನ್ 7

ದಾವಣಗೆರೆಯ ಚೌಕಿಪೇಟೆಯ ಸೀರೆ ಅಂಗಡಿಯಲ್ಲಿ ಕೂತು ಕೆಟಿಜೆ ನಗರದ ನನ್ನ ಮನೆಯ ಬಾಗಿಲನ್ನು ನೋಡುತ್ತೇನೆಂದರೆ, ನಮ್ಮಜ್ಜ ಮಾಯಕೊಂಡದ ಸಮಾಧಿಯಲ್ಲೇ ಎದ್ದು ಕೂತಾನು. ಯಾರಾದರೂ ಓಣಿಯಲ್ಲಿ ಕಂಡರೆ ಸಾಕು, ಫೋನ್ ಕುಯ್ ಎಂದು ‘ವ್ಯಕ್ತಿ ಪತ್ತೆಯಾಗಿದೆ’ ಎಂದು ತಿಳಿಸುತ್ತದೆ. ಎಂಥ ವಿನಯ, ಎಂಥ ಕರ್ತವ್ಯನಿಷ್ಠೆ! ನಮ್ಮ ಅಂಗಡಿಯ ಸೇಲ್ಸ್‌ಮನ್‌ಗಳಿಗೆ ಗಿರಾಕಿ ಮುಂದೆ ಬಂದು ಕೆಮ್ಮಿದರೂ ಪತ್ತೆಯಾಗುವುದಿಲ್ಲ.

ಸಂಜೆ ಹೆಚ್ಚು ವ್ಯಕ್ತಿಗಳು ಪತ್ತೆಯಾಗುವುದು ಉಡಚಮ್ಮನ ಕಟ್ಟೆಯ ಮೇಲೆ. ಆಕೆ ನಮ್ಮ ಓಣಿಯ ದೃಷ್ಟಿ ಇಲಾಖೆಯ ಮುಖ್ಯಸ್ಥೆ. ದೀಪ ಹಚ್ಚುವ ಹೊತ್ತಿಗೆ ಹಸುಗೂಸುಗಳ ತಾಯಂದಿರು ಬರುತ್ತಾರೆ. ಉಡಚಮ್ಮ ಉಪ್ಪು, ಒಣಮೆಣಸಿನಕಾಯಿ ಹಿಡಿದು ಕೂಸಿಗೆ ಇಳಿ ತೆಗೆದು ಕೆಂಡಕ್ಕೆ ಹಾಕುತ್ತಾಳೆ. ಚಟಪಟ ಎಂದರೆ ದೃಷ್ಟಿ ಹೋಯಿತು. ಆಮೇಲೆ ಯಾರೂ ಎದ್ದು ಹೋಗುವಂತಿಲ್ಲ, ಅದೇ ಆಕೆಯ ಫೀಸು. ಕಟ್ಟೆಯ ಮೇಲೆ ಕೂತು ಕೂಸಿಗೆ ಹಾಲು ಕುಡಿಸಬೇಕು, ಮಂಡಕ್ಕಿ ತಿನ್ನಬೇಕು, ಹರಟಬೇಕು. ನಮ್ಮ ಕೀರ್ತನಾಳೂ ಹೋಗುತ್ತಾಳೆ. ಇಡೀ ದಿನ ಬಿಸಿನೀರು, ಲೋಬಾನದ ಹೊಗೆ, ಬೆಳ್ಳುಳ್ಳಿ, ಮುಚ್ಚಿದ ಕಿಟಕಿ ಎಂದು ಬೇಯುವ ಬಾಣಂತಿಗೆ ಅದೊಂದೇ ಹೊರಗಿನ ಗಾಳಿ. ಪುಷ್ಪಲತಾಳೇ ಅದಕ್ಕೆ ಅಪ್ಪಣೆ ಕೊಟ್ಟಿದ್ದಾಳೆ.

ಎಲ್ಲವೂ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ! ಮಂಡಕ್ಕಿಯಲ್ಲಿ ಈರುಳ್ಳಿ ಹಾಕಿದ್ದೂ ಕಾಣುತ್ತದೆ.

ಜೂನ್ 9

ಇಂದು ನನ್ನ ಬದುಕಿನ ಅತ್ಯಂತ ಉದಾರ ಕೆಲಸವೊಂದನ್ನು ಮಾಡಿದೆ. ಹರಿಹರದ ಅಳಿಯ ಹನುಮೇಶನಿಗೆ ಕ್ಯಾಮೆರಾದ ಪಾಸ್‌ವರ್ಡ್ ಕಳಿಸಿದೆ. ಸಂಜೆ ಕೂಸು ಕಟ್ಟೆಗೆ ಬಂದಾಗ ಅಪ್ಪನಾದವನು ನೋಡಿ ಕಣ್ತುಂಬಿಕೊಳ್ಳಲಿ. ಬಂಗಾರ ಕೊಡುವ ಮಾವಂದಿರು ಬೇಕಾದಷ್ಟು ಮಂದಿ. ಪಾಸ್‌ವರ್ಡ್ ಕೊಡುವ ಮಾವ ಎಲ್ಲಿ ಸಿಗುತ್ತಾನೆ?

ಜೂನ್ 11

ಹರಿಹರದಿಂದ ಬೀಗತಿ ಯಶೋದಮ್ಮನವರ ಫೋನು. ಅಳಿಯ ತನ್ನ ಫೋನಿಗಲ್ಲದೆ ತಾಯಿಯ ಫೋನಿಗೂ ಕ್ಯಾಮೆರಾ ಹಾಕಿಕೊಟ್ಟಿದ್ದಾನೆ.

“ಬೀಗ್ರೆ, ಆರಾಮಿದೀರಾ? ಅಲ್ರಿ, ನಮ್ಮ ಸೊಸಿ ತಲಿಗೆ ಬಟ್ಟಿ ಕಟ್ಟದೆ ಹೊರಗ ಕುಂತಾಳೆ. ಕಿವಿಯಾಗ ಅಳ್ಳಿಲ್ಲ. ಗಾಳಿ ಹೊಕ್ಕಂಡ್ರೆ ಹೆಂಗೆ?”

“ಕಿವಿಯಲ್ಲಿ ಹತ್ತಿ ಇದೆಯೋ ಇಲ್ಲವೋ ಅದೂ ಕಾಣುತ್ತಾ ಅಕ್ಕಾರೆ?”

“ಹಿಂಗೆ ಎರಡು ಬೆರಳಾಗ ಎಳದ್ರೆ ದೊಡ್ದಾಗಿ ಕಾಣ್ತೈತೆ. ಮತ್ತೆ ಆ ಉಡಚಮ್ಮ ಮೆಣಸಿನಕಾಯಿ ಬಜ್ಜಿ ಕೊಟ್ಲು, ಇಕಿ ತಿಂದ್ಲು. ಕೂಸಿಗೆ ಹೊಟ್ಟಿ ನೋವು ಬಂದ್ರೆ ಯಾರು ಅಳಾದು?”

ಹದಿನಾಲ್ಕು ಕಿಲೋಮೀಟರ್ ಆಚೆಯಿಂದ ಮಿರ್ಚಿಯನ್ನು ಗುರುತಿಸುವ ಶಕ್ತಿ! ನನ್ನ ಕ್ಯಾಮೆರಾದ ಬಗ್ಗೆ ಹೆಮ್ಮೆಯಾಯಿತು. ಕೀರ್ತನಾಳಿಗೆ ವಿಷಯ ಮುಟ್ಟಿಸಿದೆ. ಆಕೆಗೆ ಹೆಮ್ಮೆಯಾದಂತೆ ಕಾಣಲಿಲ್ಲ.

ಜೂನ್ 12

ಮತ್ತೆ ಫೋನು. ಬರೀ ಕಲ್ಲಿನ ಮೇಲೆ ಕೂತಳಂತೆ.

ಜೂನ್ 13

ಫೋನು. ಜೋರಾಗಿ ನಕ್ಕಳಂತೆ. ಬಾಣಂತಿ ನಕ್ಕರೆ ಏನಾಗುತ್ತದೆಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಗಿರಾಕಿ ಬಂದರು.

ಜೂನ್ 18

ಕ್ಯಾಮೆರಾದ ಪರಿಣಾಮ ಅದ್ಭುತ. ಉಡಚಮ್ಮನ ಕಟ್ಟೆ ಈಗ ಖಾಲಿ. ಮೊದಲು ಕೀರ್ತನಾ ಬಿಟ್ಟಳು, ಆಮೇಲೆ ಮೂಲೆಮನೆಯ ತನುಶ್ರೀ ತನ್ನ ಕೂಸಿನ ಜೊತೆ ಬಂದು, ತಲೆ ಎತ್ತಿ ನಮ್ಮ ಕ್ಯಾಮೆರಾ ನೋಡಿ, ಸೆರಗು ಎಳೆದುಕೊಂಡು ವಾಪಸ್ ಹೋದಳು. ಈಗ ಯಾರೂ ಬರುವುದಿಲ್ಲ. ಓಣಿಯಲ್ಲಿ ಕಾಡುಹರಟೆ ಸಂಪೂರ್ಣ ನಿರ್ಮೂಲನೆಯಾಗಿದೆ. ಉಡಚಮ್ಮ ಒಬ್ಬಳೇ ಕೆಂಡದ ಬಟ್ಟಲು ಮುಂದಿಟ್ಟುಕೊಂಡು ಕೂತಿರುತ್ತಾಳೆ. ಕೆಂಡ ಆರುವವರೆಗೂ ಕೂತು ಒಳಗೆ ಹೋಗುತ್ತಾಳೆ.

ಆದರೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನಮ್ಮ ಕೂಸು ಅಳಲು ಶುರು ಮಾಡುತ್ತದೆ. “ಹಲ್ಲು ಬರ್ತಿರಬೇಕು,” ಎಂದೆ. “ಈ ಕೂಸಿಗೆ ಎಂಥಾ ಹಲ್ರಿ,” ಅಂದಳು ಪುಷ್ಪಲತಾ. ಕೀರ್ತನಾ ಊಟ ಕಡಿಮೆ ಮಾಡಿದ್ದಾಳೆ, ಗೋಡೆ ನೋಡಿಕೊಂಡು ಕೂರುತ್ತಾಳೆ. ಹಾಲು ಸಾಲುತ್ತಿಲ್ಲವೆಂದು ತಾಯಿ ಮಗಳು ಪಿಸುಪಿಸು ಮಾತಾಡುತ್ತಾರೆ.

“ಯಾಕವ್ವ, ಕಟ್ಟೆಗೆ ಹೋಗಲ್ಲ?” ಎಂದು ನಾನೇ ಕೇಳಿದೆ.

“ಟೀವಿಯಾಗ ಕುಂತು ಹಾಲು ಕುಡಿಸಾಕೆ ಆಗಲ್ಲ ಅಪ್ಪಾಜಿ.”

ಇದು ಟೀವಿಯಲ್ಲ, ಕ್ಯಾಮೆರಾ ಎಂದು ತಿದ್ದಿದೆ. ಆಕೆ ಎದ್ದು ಒಳಗೆ ಹೋದಳು. ನಿದ್ದೆಗೆಟ್ಟ ಬಾಣಂತಿಯರಿಗೆ ತಾಂತ್ರಿಕ ವ್ಯತ್ಯಾಸಗಳು ತಲೆಗೆ ಹತ್ತುವುದಿಲ್ಲ.

ಜೂನ್ 25, ಮಣ್ಣೆತ್ತಿನ ಅಮಾವಾಸ್ಯೆ

ಉಡಚಮ್ಮ ತನ್ನ ಮನೆಯ ಸೂರಿಗೆ ಬೂದುಗುಂಬಳಕಾಯಿ ಕಟ್ಟಿದ್ದಾಳೆ. ಅಮಾವಾಸ್ಯೆಗೆ ಎಲ್ಲರೂ ಕಟ್ಟುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಆದರೆ ಅದಕ್ಕೆ ಕಣ್ಣು, ಕೋರೆಹಲ್ಲು, ಹೊರಚಾಚಿದ ನಾಲಗೆ ಬರೆಯುವಾಗ ಆಕೆ ನಡುನಡುವೆ ತಿರುಗಿ ನಮ್ಮ ಮನೆಯ ಕಡೆ ನೋಡುತ್ತಿದ್ದಳು, ಚಿತ್ರಗಾರರು ಎದುರಿಗೆ ಕೂತವನನ್ನು ನೋಡುವಂತೆ. ಕಾಯಿಯ ಮುಖವನ್ನು ಬೀದಿಗೆ ತಿರುಗಿಸದೆ ನೆಟ್ಟಗೆ ನಮ್ಮ ಕ್ಯಾಮೆರಾಕ್ಕೆ ತಿರುಗಿಸಿದ್ದಾಳೆ.

ಕಟ್ಟಲಿ. ಕಬ್ಬಿಣಕ್ಕೂ ಗಾಜಿಗೂ ಕುಂಬಳಕಾಯಿ ಏನು ಮಾಡೀತು?

ಜೂನ್ 26

ಮಾಡಿತು.

ಆಷಾಢದ ಗಾಳಿ ಶುರುವಾಗಿದೆ. ಕಾಯಿ ತೂಗುತ್ತದೆ. ತೂಗಿದಾಗಲೆಲ್ಲ ನನ್ನ ಕ್ಯಾಮೆರಾ ಅದನ್ನು ಮನುಷ್ಯನೆಂದು ಭಾವಿಸಿ ಕುಯ್ ಎನ್ನುತ್ತದೆ. ವ್ಯಕ್ತಿ ಪತ್ತೆಯಾಗಿದೆ. ವ್ಯಕ್ತಿ ಪತ್ತೆಯಾಗಿದೆ. ಅಂಗಡಿಯಲ್ಲಿ ಮದುವೆ ಜವಳಿಗೆ ಬಂದಿದ್ದ ಬಾತಿಯ ಹೆಂಗಸೊಬ್ಬಳು, “ಮನಿಯಾಗ ಏನ್ ತೊಂದ್ರಿ ಐತೋ, ಹೋಗಿ ಬರ್ರಿ ಅಣ್ಣಾರೆ, ನಾವು ಕಾಯ್ತೀವಿ,” ಎಂದು ಮರುಕಪಟ್ಟಳು. ಕುಂಬಳಕಾಯಿಯ ತೊಂದರೆ ಎಂದು ಹೇಗೆ ಹೇಳಲಿ?

ಜೂನ್ 27

ಬೀಗತಿಯವರ ಫೋನು.

“ಬೀಗ್ರೆ, ಉಡಚಮ್ಮಾರ ಬಾಗ್ಲಾಗ ಯಾವನೋ ನಿಂತಾನಲ್ರಿ! ನಿನ್ನಿಯಿಂದ ನಿಂತಾನೆ, ಕುಂತೇ ಇಲ್ಲ. ನಾಲಿಗಿ ಹೊರಗ ಹಾಕ್ಯಾನೆ.”

“ಅದು ಕುಂಬಳಕಾಯಿ ಅಕ್ಕಾರೆ.”

ಎರಡು ಬೆರಳಲ್ಲಿ ಎಳೆದು ನೋಡಿರಬೇಕು. ಆಮೇಲೆ: “ನಿಮ್ಮಂಗೇ ಮೀಸಿ ಐತಲ್ರಿ.”

ದೊಡ್ಡದು ಮಾಡಿ ನೋಡಿದೆ. ಐತೆ.

ಉಡಚಮ್ಮನ ಕೈಚಳಕವನ್ನು ಒಪ್ಪಲೇಬೇಕು. ಬಲಗಡೆಯ ಮೀಸೆ ಎಡಗಡೆಗಿಂತ ಕೊಂಚ ಕೆಳಗಿದೆ. ಇದು ನನ್ನ ಮೀಸೆಯ ಗುಟ್ಟು, ಕ್ಷೌರಿಕನಿಗೂ ನನಗೂ ಮಾತ್ರ ಗೊತ್ತಿದೆ ಎಂದುಕೊಂಡಿದ್ದೆ. ಕ್ಯಾಮೆರಾ ಇಲ್ಲದೆ, ಬರಿಗಣ್ಣಿನಲ್ಲಿ, ಅಷ್ಟು ದೂರದಿಂದ!

ಜೂನ್ 29, ಭಾನುವಾರ

ಕ್ಯಾಮೆರಾ ತನ್ನ ಕರ್ತವ್ಯ ನೆರವೇರಿಸಿತು! ಕಳುವಾದ ಚಪ್ಪಲಿ ಪತ್ತೆ!

ಬೆಳಿಗ್ಗೆ ಕುಂಬಳಕಾಯಿಯ ಪಕ್ಕದಲ್ಲಿ ಹೊಸದಾಗಿ ಏನೋ ತೂಗುತ್ತಿತ್ತು. ಎರಡು ಬೆರಳಲ್ಲಿ ಎಳೆದು ನೋಡಿದರೆ ನನ್ನ ಎಡಗಾಲಿನ ಚಪ್ಪಲಿ. ಬನಿಯನ್ನಿನಲ್ಲೇ ಓಣಿ ದಾಟಿದೆ.

“ಅಕ್ಕಾ, ಇದು ನನ್ನ ಚಪ್ಪಲಿ!”

ಉಡಚಮ್ಮ ಕಟ್ಟೆಯ ಮೇಲೆ ನೆನೆಸಿದ ಅವರೆಕಾಳು ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. “ಹೌದೇನು? ಗಟಾರದಾಗ ನಾಯಿ ಕಡೀತಿತ್ತು. ದೃಷ್ಟಿಗೆ ಹಳೇ ಚಪ್ಪಲಿ ಒಂದು ಬೇಕಿತ್ತು, ಕಟ್ಟಿದೆ.”

“ಹೊಸದಿತ್ತು ಅಕ್ಕಾ.”

“ನಾಯಿ ಹಳೇದು ಮಾಡೈತೆ. ಕೂಡು.”

ಕೂತೆ. ಅಲ್ಲಿಂದ ನಮ್ಮ ಕ್ಯಾಮೆರಾವನ್ನು ಮೊದಲ ಸಲ ನೋಡಿದೆ. ನಮ್ಮ ಮನೆಯ ಹಣೆಯಲ್ಲಿ ಒಂದು ಕಪ್ಪು ಕಣ್ಣು. ಅದು ನನ್ನ ಬನಿಯನ್ನನ್ನೇ ನೋಡುತ್ತಿರುವ ಹಾಗೆ ಅನಿಸಿತು. ಬನಿಯನ್ನಿನಲ್ಲಿ ಒಂದು ತೂತಿದೆ. ಅದರ ಮೇಲೆ ಕೈ ಇಟ್ಟುಕೊಂಡೆ.

“ಯಾಕ ತಿಪ್ಪೇಶಿ, ಕೈ ಯಾಕ ಅಡ್ಡ ಇಟ್ಕಂಡಿ? ಕಳ್ಳರು ಬರದಿರಲಿ ಅಂತ ಇಟ್ಟೀಯಲ್ಲ, ನಿನಗೂ ಕಾವಲು ಆತು. ಪುಕ್ಕಟೆ.”

ನಾನು ಮಕ್ತುಮ್ ಸಾಬ್‌ಗೆ ಹೇಳಿದ ಮಾತು ಆಕೆಗೆ ಕೇಳಿಸಿತ್ತು. ಏಣಿ ಹತ್ತಿದವನೊಡನೆ ಕೂಗಿ ಮಾತಾಡಿದರೆ ಕೇಳಿಸದೆ ಇನ್ನೇನು?

ಸ್ವಲ್ಪ ಹೊತ್ತು ಕಾಳು ಸುಲಿದಳು. ಆಮೇಲೆ ಅಂದಳು: “ನಿಮ್ಮ ಅಂಗಡಿಗೇ ನಾನು ಯಾಕ ಬರ್ತೀನಿ, ಗೊತ್ತೈತೇನು? ಚೌಕಿಪ್ಯಾಟಿಯಾಗ ಸೀರಿ ಅಂಗಡಿಗೆ ಬರವೇನು?”

“ನಮ್ಮ ಸೀರೆ ಬಣ್ಣ ಬಿಡಲ್ಲ ಅಂತ.”

“ಬಿಡ್ತೈತೆ. ಅದಲ್ಲ. ಕನ್ನಡಿ ಮುಂದೆ ನಿಂತು ಸೀರಿ ಸೆರಗು ಮೈಮ್ಯಾಲೆ ಹಾಕ್ಕಂಡು ನೋಡ್ತೀವಲ್ಲ, ಬ್ಯಾರೆ ಅಂಗಡಿಯಾಗ ಗಂಡುಸ್ರು ಬಾಯಿ ತಕ್ಕಂಡು ನಿಂತಿರ್ತಾರೆ. ನೀನು ಆ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸಿ ಸೀರಿ ಮಡಚಾಕೆ ನಿಂತ್ಕಂತಿ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚ್ತಿ. ನಾನು ನೋಡೀನಿ.”

ಇದು ನಿಜ. ನಾನು ಕೆಲಸಕ್ಕೆ ಸೇರಿದಾಗ ಹಿರಿಯರು ಮೊದಲು ಕಲಿಸಿದ್ದೇ ಇದು. ಹೆಣ್ಣುಮಗಳು ಕನ್ನಡಿಯ ಮುಂದೆ ನಿಂತಳೆಂದರೆ ನಮಗೆ ಬೀರುವಿನ ಕಡೆ ಕೆಲಸ. ಅದಕ್ಕೆ ಅಂಗಡಿಯಲ್ಲಿ ‘ಮಡಚೋ ಹೊತ್ತು’ ಎನ್ನುತ್ತೇವೆ. ಹೊಸ ಹುಡುಗರಿಗೆ ನಾನೇ ಕಲಿಸಿದ್ದೇನೆ. ಕಲಿಯದವರನ್ನು ಬೈದಿದ್ದೇನೆ.

“ಆ ಕ್ಯಾಮೆರಾಕ್ಕೂ ಒಂದೀಟು ಸೀರಿ ಮಡಚಾದು ಕಲಸಪ್ಪ,” ಅಂದಳು ಉಡಚಮ್ಮ. “ನಿನ್ನ ಮಗಳು ಇಲ್ಲಿ ಕುಂತು ಅತ್ತು ಹಗುರಾಗ್ತಿದ್ಲು. ನಕ್ಕೂ ಹಗುರಾಗ್ತಿದ್ಲು. ಈಗ ಅಕಿ ಹಾಲು ಬತ್ತಾಕತ್ತೈತೆ. ಅದು ದೃಷ್ಟಿ ಅಲ್ಲದೆ ಮತ್ತೇನು?”

ಕೀರ್ತನಾ ಅಳುತ್ತಿದ್ದಳೆಂದು ನನಗೆ ತಿಳಿದಿರಲಿಲ್ಲ. ಕ್ಯಾಮೆರಾದಲ್ಲಿ ಈರುಳ್ಳಿ ಕಂಡಿತ್ತು.

ಚಪ್ಪಲಿ ಕೇಳಲು ಮರೆತು ಬಂದೆ.

ಜುಲೈ 1

ಅಂಗಡಿ. ಆನಗೋಡಿನ ಕಡೆಯ ಮದುಮಗಳೊಬ್ಬಳು ಕನ್ನಡಿಯ ಮುಂದೆ ನಿಂತಳು. ಬೆನ್ನು ತಿರುಗಿಸಿ ಮಡಚಲು ನಿಂತೆ. ಒಂದೇ ಸೀರೆಯನ್ನು ಮಡಚಿ, ಬಿಚ್ಚಿ, ಮಡಚಿ. ಜೇಬಿನಲ್ಲಿ ಫೋನು ಕುಯ್ ಎನ್ನುತ್ತಲೇ ಇತ್ತು.

ಜುಲೈ 6, ಭಾನುವಾರ

ಹರಿಹರಕ್ಕೆ ಹೋಗಿ ಬಂದೆ. ಬೀಗತಿಯವರ ಫೋನಿನಿಂದ ಕ್ಯಾಮೆರಾ ತೆಗೆಸಬೇಕು, ಆದರೆ ಬೀಗತನ ಕೆಡಬಾರದು. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ತುಂಗಭದ್ರೆಯ ಸೇತುವೆ ಕಾಣುವ ಹೊತ್ತಿಗೆ ಎಲ್ಲ ಮರೆತುಹೋಗಿತ್ತು.

ಯಶೋದಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಅಕ್ಕಿ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ನಮ್ಮ ಓಣಿ! ನಾನು ದಾವಣಗೆರೆ ಬಿಟ್ಟು ಬಂದಿದ್ದೆನೆಂದರೆ ಸುಳ್ಳಾಗುತ್ತದೆ.

“ಬರ್ರಿ ಬೀಗ್ರೆ, ಕೂಡ್ರಿ. ಬೆಳಿಗ್ಗೆ ನೀವು ಗೇಟು ಹಾಕಿ, ಮತ್ತೆ ತಗದು, ಮತ್ತೆ ಹಾಕಿದ್ರಲ್ಲ, ಆಗಲೇ ಅಂದೆ, ಇವ್ರು ಎಲ್ಲೋ ಊರಿಗೆ ಹೊಂಟಾರೆ ಅಂತ. ನಿಮ್ಮ ಹಾಲಿನವ ಲೇಟು ಬರ್ತಾನೆ, ಬದಲಾಯಿಸ್ರಿ. ಮತ್ತೆ ನೀವು ಬಾಗ್ಲಾಗ ನಿಂತು ಬೆನ್ನು ಕೆರಕಂತೀರಲ್ಲ, ಅದಕ್ಕೆ ಬೇವಿನೆಣ್ಣಿ ಹಚ್ರಿ.”

ಕೇಳುತ್ತಿದ್ದಂತೆಯೇ ಬೆನ್ನು ತುರಿಸಿತು. ತಡೆದುಕೊಂಡೆ.

“ಅಕ್ಕಾರೆ, ಆ ಕ್ಯಾಮೆರಾ ಇನ್ನು ಮುಂದೆ ನಮ್ಮ ಗೇಟಿಗೆ ಮಾತ್ರ ಇರ್ತೈತೆ. ನಿಮ್ಮ ಫೋನಿಂದ ತೆಗೆದರೆ ಬೇಸರ ಮಾಡ್ಕೋಬಾರದು.”

ಅವರು ರೊಟ್ಟಿ ತಿರುವಿ ಹಾಕಿದರು. “ತಗೀರಿ. ನಾನೇನು ತಪ್ಪು ಹುಡುಕಾಕೆ ನೋಡ್ತಿದ್ದೆ ಅಂದ್ಕಂಡ್ರಾ? ಕೂಸು ನೋಡಾಕೆ ನೋಡ್ತಿದ್ದೆ. ಕೂಸು ಕಾಣ್ಲಿಲ್ಲ ಅಂದ್ರೆ ಅಕಿ ಕಿವಿ ನೋಡ್ತಿದ್ದೆ, ತಲಿ ನೋಡ್ತಿದ್ದೆ. ನೋಡಿದ ಮ್ಯಾಲೆ ಬಾಯಿ ಸುಮ್ನಿರ್ತೈತೇನ್ರಿ? ಈಗ ಎಷ್ಟೋ ದಿನದಿಂದ ಆ ಕುಂಬಳಕಾಯಿನೇ ನೋಡ್ತಿದೀನಿ. ಕೂಸು ಬರವಲ್ದು.”

“ಬಂದು ನೋಡಬಹುದಲ್ಲ? ಬಸ್ಸು ಇದೆ.”

“ಕರೀದೆ ಹೆಂಗ್ ಬರಲಿ? ಬೀಗ್ರ ಮನಿ ಬಾಣಂತನ. ಅರಿಶಿನ ಕುಂಕುಮ ಹಚ್ಚಿ ಕರೀಬೇಕು, ಬರಬೇಕು. ನೀವು ಪಾಸ್‌ವರ್ಡ್ ಕೊಟ್ರಿ. ಕರೀಲಿಲ್ಲ.”

ನನ್ನ ಬದುಕಿನ ಅತ್ಯಂತ ಉದಾರ ಕೆಲಸದ ಬಗ್ಗೆ ಇಷ್ಟು ಚಿಕ್ಕದಾಗಿ ಯಾರೂ ತೀರ್ಪು ಕೊಟ್ಟಿರಲಿಲ್ಲ. ಆ ಹೆಂಗಸಿನ ಮೇಲೆ ನನಗೆ ಗೌರವ ಹುಟ್ಟಿತು. ರೊಟ್ಟಿಯ ಮೇಲೂ ಹುಟ್ಟಿತು. ಎಣ್ಣೆಗಾಯಿ ಪಲ್ಯದೊಡನೆ ಕೊಟ್ಟರು.

ಅಮಾವಾಸ್ಯೆಯ ದಿನ ಬರಬೇಕೆಂದು ಕೇಳಿಕೊಂಡೆ. ಕುಂಕುಮ ಹಚ್ಚಿ ಕರೆಯಲು ಪುಷ್ಪಲತಾಳನ್ನೂ ಒಮ್ಮೆ ಕಳಿಸಬೇಕು. ಯಶೋದಮ್ಮ ತಾವೇ ಫೋನು ಎತ್ತಿ ನನ್ನ ಕೈಗಿಟ್ಟು, “ತಗದುಬಿಡ್ರಿ. ನನಗೂ ರೊಟ್ಟಿ ಸೀದುಹೋಗ್ತಾವೆ,” ಅಂದರು.

ಜುಲೈ 7

ಮಕ್ತುಮ್ ಸಾಬ್ ಬಂದು ಕ್ಯಾಮೆರಾ ಇಳಿಮುಖ ಮಾಡಿದ. ಈಗ ನಮ್ಮ ಗೇಟು, ಸ್ಕೂಟರು, ಬಲಗಾಲಿನ ಚಪ್ಪಲಿ. ಅಷ್ಟೇ.

“ಅವತ್ತೇ ಹಿಂಗೆ ಇಡ್ಲೇನು ಅಂದಿದ್ದೆ ಸಾಹೇಬ್ರೆ.”

“ನಿನಗೆ ಹೇಳೋಕೆ ಬರಲ್ಲ ಮಕ್ತುಮ್. ಜೋರಾಗಿ ಹೇಳಬೇಕಿತ್ತು.”

ಉಡಚಮ್ಮ ಕಟ್ಟೆಯಿಂದ ನೋಡುತ್ತಿದ್ದಳು. ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ, ದೂರ. ಕ್ಯಾಮೆರಾ ಇದ್ದಿದ್ದರೆ ದೊಡ್ಡದು ಮಾಡಿ ನೋಡಬಹುದಿತ್ತು ಎಂದು ಒಂದು ಗಳಿಗೆ ಅನಿಸಿದ್ದು ನಿಜ.

ಜುಲೈ 10

ಕ್ಯಾಮೆರಾ ಪುಷ್ಪಲತಾಳ ಫೋನಿನಲ್ಲೂ ಇದೆ. ನಾನೇ ಹಾಕಿಕೊಟ್ಟಿದ್ದೆ.

ಸಂಜೆ ಮಂಡಕ್ಕಿ ಮಿರ್ಚಿ ಪೊಟ್ಟಣವನ್ನು ಅಂಗಿಯ ಒಳಗಿಟ್ಟುಕೊಂಡು ಗೇಟು ತೆಗೆಯುತ್ತಿದ್ದಂತೆ ಒಳಗಿನಿಂದ ಕೂಗು: “ಡಾಕ್ಟ್ರು ಎಣ್ಣಿ ಪದಾರ್ಥ ಬ್ಯಾಡ ಅಂದಾರೆ! ಹೊಟ್ಟಿಯಿಂದ ಪೊಟ್ಣ ತಗೀರಿ!”

ಕೀರ್ತನಾ ನಕ್ಕಳು. ಜೋರಾಗಿ. ಎಷ್ಟೋ ದಿನದ ಮೇಲೆ. ಪೊಟ್ಟಣ ಅವಳ ಕೈಗೆ ಕೊಟ್ಟೆ. ಅವಳು ಕೂಸನ್ನು ಎತ್ತಿಕೊಂಡು, ಪೊಟ್ಟಣ ಹಿಡಿದುಕೊಂಡು, ತಲೆಗೆ ಬಟ್ಟೆ ಇಲ್ಲದೆ ಓಣಿ ದಾಟಿದಳು. ಅದನ್ನು ನಾನು ಬಾಗಿಲಲ್ಲಿ ನಿಂತು ಬರಿಗಣ್ಣಿನಲ್ಲಿ ನೋಡಿದೆ. ಆಕೆ ಕಟ್ಟೆಯ ಮೇಲೆ ಕೂತ ಮೇಲೆ ಒಳಗೆ ಬಂದೆ.

ಕೂಸು ಇವತ್ತು ಅಳಲಿಲ್ಲ. ಹಲ್ಲಿನ ನೋವು ಹೋಗಿರಬೇಕು.

ಜುಲೈ 24, ಅಮಾವಾಸ್ಯೆ

ಉಡಚಮ್ಮ ಹಳೆಯ ಕಾಯಿಯನ್ನು ಇಳಿಸಿ ಹೊಸದು ಕಟ್ಟಿದಳು. ಏಣಿ ಹಿಡಿದವನು ನಾನು. ಹೊಸ ಕಾಯಿಯ ಮುಖ ಬೀದಿಗೆ, ಮೀಸೆ ಇಲ್ಲ. ಕೇಳಬಾರದೆಂದುಕೊಂಡರೂ ಕೇಳಿದೆ.

“ಮೀಸಿ ಬೇಕಾಗಿತ್ತೇನು? ಬರೀತೀನಿ ಬಿಡು, ಮುಂದಿನ ಅಮಾಸಿಗೆ,” ಅಂದಳು. ಚಪ್ಪಲಿಯನ್ನು ಮಾತ್ರ ಬಿಚ್ಚಲಿಲ್ಲ. ಅದು ಅಲ್ಲೇ ಚೆನ್ನಾಗಿದೆ.

ಮಧ್ಯಾಹ್ನ ಯಶೋದಮ್ಮ ಬಂದರು. ಪುಷ್ಪಲತಾ ಕಾಲಿಗೆ ನೀರು ಕೊಟ್ಟು ಬರಮಾಡಿಕೊಂಡಳು. ಅವರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಫೋನಿನಲ್ಲಿ ಅಷ್ಟು ಮಾತಾಡುತ್ತಿದ್ದ ಹೆಂಗಸು! ಆಮೇಲೆ, “ಚಿಕ್ಕದು ಅಂದ್ಕಂಡಿದ್ದೆ. ಎಷ್ಟು ಭಾರ ಐತೆ,” ಅಂದರು, ಅಷ್ಟೇ.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಕಟ್ಟೆಗೆ ಹೋದರು: ಉಡಚಮ್ಮ, ಯಶೋದಮ್ಮ, ಪುಷ್ಪಲತಾ, ಕೂಸಿನೊಂದಿಗೆ ಕೀರ್ತನಾ, ತನ್ನ ಕೂಸಿನೊಂದಿಗೆ ತನುಶ್ರೀ. ಕೆಂಡದಲ್ಲಿ ಮೆಣಸಿನಕಾಯಿ ಚಟಪಟ ಎಂದಿತು. ಮಿರ್ಚಿ ಬಜ್ಜಿಯ ವಾಸನೆ ನಮ್ಮ ಪಡಸಾಲೆಗೂ ಬಂತು. ಯಶೋದಮ್ಮ, “ನನಗೂ ಒಂದು ಕೊಡ್ರಿ, ಖಾರ ಇರಾದು ನೋಡಿ,” ಎಂದದ್ದು ಕೇಳಿಸಿತು.

ಆಮೇಲೆ ದನಿಗಳು ತಗ್ಗಿದವು. ಯಾರೋ ಅತ್ತ ಹಾಗಾಯಿತು. ಸ್ವಲ್ಪ ಹೊತ್ತಿಗೆ ಎಲ್ಲರೂ ಒಟ್ಟಿಗೆ ನಕ್ಕರು. ಅಷ್ಟು ಜೋರಾಗಿ ನಕ್ಕರೆ ಬಾಣಂತಿಗೆ ಏನಾಗುತ್ತದೋ. ಯಶೋದಮ್ಮನವರ ನಗೆಯೇ ಎಲ್ಲಕ್ಕಿಂತ ಮೇಲೆ ಕೇಳಿಸುತ್ತಿತ್ತು. ಆದ್ದರಿಂದ ಏನೂ ಆಗಲಿಕ್ಕಿಲ್ಲ. ಯಾತಕ್ಕೆ ನಕ್ಕರೋ ತಿಳಿಯದು. ನನ್ನ ಮೀಸೆಯ ವಿಷಯವೇ ಇರಬೇಕು.

ನಾನು ಪಡಸಾಲೆಯಲ್ಲಿ ಕೂತು ಕೂಸಿನ ಬಟ್ಟೆ ಮಡಚುತ್ತಿದ್ದೆ. ಸಣ್ಣ ಬಟ್ಟೆಗಳು, ಬೇಗ ಮುಗಿದವು. ಬಿಚ್ಚಿ ಮತ್ತೆ ಮಡಚಿದೆ. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರಿಂದ ಸೊಂಟ ಹಿಡಿದುಕೊಂಡಿದೆ. ನಾಳೆ ಬೇವಿನೆಣ್ಣೆ ಹಚ್ಚಬೇಕು.

ಕ್ಯಾಮೆರಾ ಇವತ್ತು ಕಟ್ಟೆಯ ಮೇಲಿನ ಯಾವುದನ್ನೂ ಕಂಡಿಲ್ಲ. ಒಳ್ಳೆಯ ಕ್ಯಾಮೆರಾ.